ರಜೆ, ಸೂಟಿ, ಬಿಡುವು: ಮುಂಬಯಿಯ ವಿಶ್ರಾಂತಿಯ ಇತಿಹಾಸದಿಂದ

ಕೆಲಸವಿಲ್ಲದ ದಿನವನ್ನು ಹೆಸರಿಸುವುದಕ್ಕೆ ಕನ್ನಡದಲ್ಲಿ ಮೂರು ಮಾತುಗಳು ಬಳಕೆಯಲ್ಲಿವೆ. ಮೈಸೂರು ಮತ್ತು ಕರಾವಳಿಯ ಕಡೆಯವರು ‘ರಜೆ’ ಎನ್ನುತ್ತಾರೆ. ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆಯವರು ‘ಸೂಟಿ’ ಎನ್ನುತ್ತಾರೆ. ‘ಬಿಡುವು’ ಎಂಬುದು ಎಲ್ಲರದು. ಮುಂಬಯಿಯಲ್ಲಿ ಈ ಎಲ್ಲ ಕಡೆಯ ಕನ್ನಡಿಗರೂ ಒಟ್ಟುಗೂಡಿರುವುದರಿಂದ ಒಂದೇ ಕಚೇರಿಯಲ್ಲಿ, ಒಂದೇ ಚಾಳಿನಲ್ಲಿ ಮೂರು ಮಾತುಗಳೂ ಕಿವಿಗೆ ಬೀಳುತ್ತವೆ. ಅರ್ಥ ಒಂದೇ ಎಂದು ಮೇಲುನೋಟಕ್ಕೆ ತೋರಿದರೂ ಇವುಗಳ ಹುಟ್ಟು ಬೇರೆ ಬೇರೆ. ‘ರಜೆ’ ಅರಬ್ಬಿಯಿಂದ ಪಾರಸಿ, ಮರಾಠಿಗಳ ದಾರಿಯಾಗಿ ಬಂದದ್ದು; ಅದರ ಮೂಲಾರ್ಥ ಒಪ್ಪಿಗೆ, ಅಪ್ಪಣೆ. ‘ಸೂಟಿ’ ಮರಾಠಿಯ ‘ಸುಟ್ಟಿ’; ಕಟ್ಟಿನಿಂದ ಕಳಚಿಕೊಳ್ಳುವುದು, ಪಾರಾಗುವುದು ಎಂಬ ಅರ್ಥದ ಕ್ರಿಯಾಪದದಿಂದ ಹೊರಟದ್ದು. ‘ಬಿಡುವು’ ಅಚ್ಚಗನ್ನಡದ್ದು, ಹಿಡಿದದ್ದನ್ನು ಬಿಡುವ ಕೆಲಸವನ್ನು ಅದು ಹೇಳುತ್ತದೆ. ಮೊದಲನೆಯದನ್ನು ಇನ್ನೊಬ್ಬನು ಕೊಡಬೇಕು. ಎರಡನೆಯದನ್ನು ತಾನೇ ಪಡೆದುಕೊಳ್ಳಬೇಕು. ಮೂರನೆಯದಕ್ಕೆ ಮನಸ್ಸು ಒಡಂಬಡಬೇಕು. ಮುಂಬಯಿಯ ದುಡಿಮೆಗಾರರ ವಿಶ್ರಾಂತಿಯ ಇತಿಹಾಸವನ್ನು ಬರೆಯಹೊರಟವನಿಗೆ ಈ ಮೂರು ಮಾತುಗಳಿಗಿಂತ ಒಳ್ಳೆಯ ದಾರಿದೀಪ ಬೇರೆ ದೊರೆಯಲಾರದು.

ವಾರಕ್ಕೊಂದು ದಿನದ ವಿಶ್ರಾಂತಿ ಇಂಗ್ಲಿಷರು ತಂದದ್ದೆಂಬ ಮಾತು ಸಾಮಾನ್ಯವಾಗಿದೆ. ಕಚೇರಿಯ ಭಾನುವಾರದ ಮಟ್ಟಿಗೆ ಅದು ನಿಜ. ಆದರೆ ದುಡಿಮೆಗೆ ನಡುನಡುವೆ ತಡೆ ಇರಬೇಕೆಂಬ ತಿಳಿವಳಿಕೆ ಈ ನಾಡಿಗೆ ಹೊಸದಲ್ಲ. ಧರ್ಮಶಾಸ್ತ್ರಗಳಲ್ಲಿ ‘ಅನಧ್ಯಾಯ’ದ ಪ್ರಕರಣವೇ ಇದೆ. ಶ್ರಾವಣದಲ್ಲಿಯೋ ಭಾದ್ರಪದದಲ್ಲಿಯೋ ಉಪಾಕರ್ಮ ಮಾಡಿ ನಾಲ್ಕೂವರೆ ತಿಂಗಳು ವೇದವನ್ನು ಓದಿ, ಬಳಿಕ ಉತ್ಸರ್ಜನ ಮಾಡಬೇಕೆಂದು ಮನುಸ್ಮೃತಿ ಹೇಳುತ್ತದೆ. ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ, ಚತುರ್ದಶಿಗಳಂದು ಓದು ಕೂಡದು. ಗುಡುಗಿದರೆ ಕೂಡದು, ಧೂಳು ಎದ್ದರೆ ಕೂಡದು, ನರಿ ಊಳಿಟ್ಟರೂ ಕೂಡದು. ಮಳೆಗಾಲದ ಸಂಜೆ ಗುಡುಗಿನ ಸದ್ದಿಗೆ ಕಿವಿಗೊಟ್ಟು ಕುಳಿತ ವಟುಗಳ ಚಿತ್ರವನ್ನು ಶಾಸ್ತ್ರಕಾರರು ಬರೆದಿಲ್ಲ. ಓದುಗರು ತಾವೇ ಬರೆದುಕೊಳ್ಳಬಹುದು. ಅಯ್ಯಗಳ ಶಾಲೆಗಳಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಬಿಡುವು ಬಹುಕಾಲ ಉಳಿದುಬಂದಿತ್ತು.

ಒಕ್ಕಲಿಗನ ಬಿಡುವು ಶಾಸ್ತ್ರದಿಂದ ಬಂದದ್ದಲ್ಲ, ಎತ್ತಿನಿಂದ ಬಂದದ್ದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೋಮವಾರ ಬಸವಣ್ಣನ ವಾರವೆಂದು ಎತ್ತುಗಳ ಹೆಗಲಿಗೆ ನೊಗವಿಡದ ವಾಡಿಕೆ ಇದೆ. ಅಮಾವಾಸ್ಯೆಯಂದು ಹೂಡುವುದಿಲ್ಲ, ಕಾರಹುಣ್ಣಿಮೆಯಂದು ಎತ್ತುಗಳನ್ನು ಮೈತೊಳೆದು ಸಿಂಗರಿಸಿ ಕರಿ ಹರಿಯುತ್ತಾರೆ. ಎತ್ತು ನಿಂತ ದಿನ ಎತ್ತಿನ ಹಿಂದೆ ನಡೆಯುವವನೂ ನಿಂತನು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಬಿಡುವನ್ನು ಯಜಮಾನನು ಕೊಡುತ್ತಿರಲಿಲ್ಲ. ಅವನು ತಡೆಯುವಂತೆಯೂ ಇರಲಿಲ್ಲ. ಊರಿಗೆ ಊರೇ ಹಿಡಿದ ಕಟ್ಟಳೆ ಅದಾಗಿತ್ತು. ಎಲ್ಲರೂ ಒಂದೇ ದಿನ ಕೆಲಸ ನಿಲ್ಲಿಸುತ್ತಿದ್ದುದರಿಂದ, ತಾನು ಸುಮ್ಮನಿರುವಾಗ ನೆರೆಯವನು ಮುಂದೆ ಹೋದಾನೆಂಬ ಅಂಜಿಕೆಗೆ ಎಡೆಯಿರಲಿಲ್ಲ.

ಗಿರಣಿ ಬಂದಾಗ ಮುರಿದುಬಿದ್ದುದು ಈ ಕಟ್ಟಳೆ. ಕಾವಸಜಿ ನಾನಾಭಾಯಿ ದಾವರರು ೧೮೫೪ರಲ್ಲಿ ಮುಂಬಯಿಯಲ್ಲಿ ಹತ್ತಿಯ ಗಿರಣಿಯನ್ನು ಸ್ಥಾಪಿಸಿದರು. ೧೮೫೬ರಲ್ಲಿ ಅದು ನೂಲು ತೆಗೆಯಲಾರಂಭಿಸಿತು. ಮುಂದಿನ ಮೂವತ್ತು ವರುಷಗಳಲ್ಲಿ ಪರಳ, ಲಾಲಬಾಗ, ಚಿಂಚಪೋಕಳಿಗಳ ಸುತ್ತ ಗಿರಣಿಗಳ ಊರೇ ಎದ್ದಿತು. ಗಿರಣಿಗೆ ಅಮಾವಾಸ್ಯೆಯಿಲ್ಲ, ಸೋಮವಾರವಿಲ್ಲ. ಸೂರ್ಯ ಹುಟ್ಟುವಾಗ ಆರಂಭವಾದ ಕೆಲಸ ಮುಳುಗುವವರೆಗೂ ನಡೆಯುತ್ತಿತ್ತು. ಆದುದರಿಂದ ಬೇಸಗೆಯಲ್ಲಿ ದುಡಿಮೆಯ ಹೊತ್ತು ಚಳಿಗಾಲಕ್ಕಿಂತ ಹೆಚ್ಚು. ಹಗಲು ಚಿಕ್ಕದಾದಷ್ಟೂ ಕೂಲಿಗಾರನಿಗೆ ಸುಖ ಎಂಬ ವಿಚಿತ್ರ ಪಂಚಾಂಗ ಅದು. ತಿಂಗಳಿಗೊಮ್ಮೆಯೋ ಎರಡು ಸಲವೋ ಗಿರಣಿ ನಿಂತರೂ ಅಂದು ಯಂತ್ರಗಳನ್ನು ಒರಸಿ ಶುಚಿಮಾಡುವ ಕೆಲಸಕ್ಕೆ ಜನ ಬರಬೇಕಾಗುತ್ತಿತ್ತು. ಎತ್ತು ದಣಿದರೆ ಮಲಗುತ್ತದೆ, ಉಗಿಯಂತ್ರಕ್ಕೆ ದಣಿವೆಂಬುದಿಲ್ಲ. ಬಿಡುವನ್ನು ಎತ್ತಿನಿಂದ ಕಲಿತಿದ್ದ ಜನ ಈಗ ಕಲಿಸುವವರಿಲ್ಲದೆ ಉಳಿದರು.

ಈ ಸ್ಥಿತಿಯ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ಸೊರಾಬಜಿ ಶಾಪುರಜಿ ಬೆಂಗಾಲಿಯವರು ಒಬ್ಬರು. ೧೮೭೫ರಲ್ಲಿ ಮುಂಬಯಿ ಸರಕಾರ ಒಂದು ವಿಚಾರಣಾ ಆಯೋಗವನ್ನು ನೇಮಿಸಿತು; ೧೮೮೧ರಲ್ಲಿ ಮೊದಲ ಕಾರಖಾನೆ ಕಾಯಿದೆ ಬಂದಿತು. ಅದು ಏಳರಿಂದ ಹನ್ನೆರಡು ವರುಷದೊಳಗಿನ ಮಕ್ಕಳ ದುಡಿಮೆಯನ್ನು ದಿನಕ್ಕೆ ಒಂಬತ್ತು ತಾಸಿಗೆ ಇಳಿಸಿ, ತಿಂಗಳಿಗೆ ನಾಲ್ಕು ದಿನ ಬಿಡುವು ಕೊಟ್ಟಿತು. ದೊಡ್ಡವರ ವಿಷಯದಲ್ಲಿ ಮೌನ ತಾಳಿತು. ಈ ಕಾಯಿದೆಗಳ ಹಿಂದೆ ಲ್ಯಾಂಕಶೈರಿನ ಗಿರಣಿ ಮಾಲಿಕರ ಒತ್ತಾಯವಿದ್ದುದು ಸುಳ್ಳಲ್ಲ. ಮುಂಬಯಿಯ ಅಗ್ಗದ ನೂಲು ಅವರ ವ್ಯಾಪಾರಕ್ಕೆ ಮುಳ್ಳಾಗಿತ್ತು. ಆದುದರಿಂದಲೇ ಅಂದಿನ ರಾಷ್ಟ್ರೀಯ ಪತ್ರಿಕೆಗಳು ಹಲವು ಈ ಶಾಸನಗಳನ್ನು ಹುಟ್ಟುತ್ತಿರುವ ದೇಶೀಯ ಉದ್ಯಮದ ಕೊರಳಿಗೆ ಬಿಗಿದ ಉರುಲೆಂದು ವಿರೋಧಿಸಿದವು. ಆ ವಿರೋಧದಲ್ಲಿ ಅರ್ಧ ಸತ್ಯವಿತ್ತು. ಉಳಿದ ಅರ್ಧವನ್ನು ಹೇಳುವುದಕ್ಕೆ ಕೂಲಿಗಾರರೇ ಮುಂದೆ ಬರಬೇಕಾಯಿತು.

ಹಾಗೆ ಅವರನ್ನು ಮುಂದೆ ತಂದವರು ನಾರಾಯಣ ಮೇಘಾಜಿ ಲೋಖಂಡೆ. ೧೮೪೮ರಲ್ಲಿ ಹುಟ್ಟಿದ ಇವರು ಜ್ಯೋತಿಬಾ ಫುಲೆಯವರ ಬಳಗಕ್ಕೆ ಸೇರಿದವರು. ಸ್ವತಃ ಗಿರಣಿಯಲ್ಲಿ ಕೆಲಸಮಾಡಿ ಬಲ್ಲವರು. ‘ದೀನಬಂಧು’ ಪತ್ರಿಕೆಯನ್ನು ೧೮೮೦ರಿಂದ ಮುಂಬಯಿಯಲ್ಲಿ ನಡೆಸಿದವರು. ೧೮೮೪ರ ಸಪ್ಟಂಬರಿನಲ್ಲಿ ಅವರು ಕರೆದ ಸಭೆಗಳಲ್ಲಿ ಒಂದು ಮನವಿ ಸಿದ್ಧವಾಯಿತು. ಐದೂವರೆ ಸಾವಿರದಷ್ಟು ಜನ ಅದಕ್ಕೆ ಸಹಿ ಹಾಕಿದರು. ಅದರ ಬೇಡಿಕೆಗಳು ಐದು: ಭಾನುವಾರ ಪೂರ್ತಿ ಬಿಡುವು, ನಡುಹಗಲಲ್ಲಿ ಅರ್ಧ ತಾಸಿನ ವಿರಾಮ, ಬೆಳಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ತಿಂಗಳ ಹದಿನೈದರೊಳಗೆ ಹಿಂದಿನ ತಿಂಗಳ ಪಗಾರ, ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ. ಕೂಲಿ ಹೆಚ್ಚಿಸಬೇಕೆಂಬ ಮಾತು ಈ ಐದರಲ್ಲಿ ಇಲ್ಲದಿರುವುದು ಸೋಜಿಗದ ಸಂಗತಿ. ಹಸಿದವನು ಮೊದಲು ಅನ್ನವನ್ನು ಕೇಳುತ್ತಾನೆಂದು ತಿಳಿದವರಿಗೆ, ದಣಿದವನು ಮೊದಲು ಹೊತ್ತನ್ನು ಕೇಳುತ್ತಾನೆಂಬುದನ್ನು ಈ ಮನವಿ ತೋರಿಸಿಕೊಡುತ್ತದೆ.

ಆರು ವರುಷ ಕಾದರೂ ಫಲ ದೊರೆಯಲಿಲ್ಲ. ೧೮೯೦ರ ಎಪ್ರಿಲ್ ೨೪ರಂದು ಮಹಾಲಕ್ಷ್ಮಿಯ ಕುದುರೆ ಜೂಜಿನ ಬಯಲಿನಲ್ಲಿ ಹತ್ತು ಸಾವಿರದಷ್ಟು ಕೂಲಿಗಾರರು ಕೂಡಿದರು. ಇಬ್ಬರು ಹೆಂಗಸರೂ ಆ ಸಭೆಯಲ್ಲಿ ಮಾತನಾಡಿದರು. ಅದೇ ವರುಷ ಜೂನ್ ೧೦ರಂದು ಗಿರಣಿ ಮಾಲಿಕರ ಸಂಘ ವಾರಕ್ಕೊಂದು ದಿನದ ಬಿಡುವಿಗೆ ಒಪ್ಪಿತು. ೧೮೯೧ರ ಕಾಯಿದೆ ಅದಕ್ಕೆ ಶಾಸನದ ಮುದ್ರೆಯೊತ್ತಿತು. ಇಂದು ಭಾನುವಾರದ ಬೆಳಗ್ಗೆ ತಡವಾಗಿ ಏಳುವ ಮುಂಬಯಿಗರಲ್ಲಿ ೧೮೯೭ರಲ್ಲಿ ತೀರಿಕೊಂಡ ಈ ಮನುಷ್ಯನನ್ನು ನೆನೆಯುವವರು ಎಷ್ಟು ಮಂದಿಯೋ!

ಭಾನುವಾರವೇ ಏಕೆ? ಸರಕಾರಿ ಕಚೇರಿಗಳ ಮಾದರಿ ಕಣ್ಣೆದುರಿಗೆ ಇದ್ದಿತೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಮರಾಠಿ ಬರಹಗಾರರು ಹೇಳುತ್ತ ಬಂದಿದ್ದಾರೆ. ಕೂಲಿಗಾರರಲ್ಲಿ ಬಹುಮಂದಿಯ ಕುಲದೈವ ಜೇಜುರಿಯ ಖಂಡೋಬ. ಖಂಡೋಬನ ವಾರ ಭಾನುವಾರ. ಈ ಖಂಡೋಬನೇ ಕನ್ನಡಿಗರ ಮೈಲಾರಲಿಂಗ, ಮಾರ್ತಾಂಡಭೈರವ. ಬಳ್ಳಾರಿ ಸೀಮೆಯ ಮೈಲಾರ, ಧಾರವಾಡ ಸೀಮೆಯ ದೇವರಗುಡ್ಡ, ಬೆಳಗಾವಿ ಸೀಮೆಯ ಮಂಗಸೂಳಿಗಳಲ್ಲಿ ಭಂಡಾರ ಹಾರಿಸಿ ನಡೆದುಕೊಳ್ಳುವ ಭಕ್ತರಿಗೂ ಭಾನುವಾರವೇ ವಾರ. ಕ್ರೈಸ್ತರ ಪ್ರಾರ್ಥನೆಯ ದಿನ ಮೈಲಾರನ ವಾರವೂ ಆಗಿದ್ದುದರಿಂದ ಅದು ಪರಕೀಯವೆನಿಸದೆ ಗಿರಣಿಯವರ ಮನೆಯ ದಿನವಾಯಿತು. ಗಿರಣಗಾವಿನ ಭಾನುವಾರಕ್ಕೆ ಅದರದೇ ಆದ ಬಣ್ಣವೂ ಬಂದಿತು: ಚಾಳುಗಳಲ್ಲಿ ಭಜನೆಯ ಮೇಳ, ಗರಡಿಗಳಲ್ಲಿ ಕುಸ್ತಿ, ರಂಗಶಾಲೆಗಳಲ್ಲಿ ತಮಾಶಾ.

ಗೆದ್ದ ಬಿಡುವನ್ನು ಉಳಿಸಿಕೊಳ್ಳುವುದೂ ಸುಲಭವಾಗಿರಲಿಲ್ಲ. ವಿದ್ಯುದ್ದೀಪ ಬಂದಾಗ ಸೂರ್ಯಾಸ್ತವೆಂಬ ಗಡಿಯೇ ಅಳಿಸಿಹೋಯಿತು. ೧೯೦೫ರ ಸುಮಾರಿಗೆ ಮುಂಬಯಿಯ ಕೆಲವು ಗಿರಣಿಗಳಲ್ಲಿ ದಿನದ ದುಡಿಮೆ ಹದಿನಾಲ್ಕು ತಾಸನ್ನೂ ಮೀರಿತು. ೧೯೧೧ರಲ್ಲಿ ಬಟ್ಟೆಯ ಗಿರಣಿಗಳಲ್ಲಿ ಗಂಡಸರಿಗೆ ಹನ್ನೆರಡು ತಾಸಿನ ಮಿತಿ, ೧೯೨೨ರಲ್ಲಿ ವಾರಕ್ಕೆ ಅರವತ್ತು ತಾಸಿನ ಮಿತಿ, ೧೯೩೪ರಲ್ಲಿ ಐವತ್ತನಾಲ್ಕು, ೧೯೪೬ರಲ್ಲಿ ನಲವತ್ತೆಂಟು: ಹೀಗೆ ಮೆಟ್ಟಲು ಮೆಟ್ಟಲಾಗಿ ಹೊತ್ತು ಕೈಗೆ ಬಂದಿತು.

ವಾರದ ಬಿಡುವಿಗಿಂತ ವರುಷದ ಬಿಡುವಿನ ಕಥೆ ಹೆಚ್ಚು ತೊಡಕಿನದು. ಮುಂಬಯಿಯ ಶ್ರೀಮಂತರ ವಾರ್ಷಿಕ ವಿಶ್ರಾಂತಿ ಗಿರಿಧಾಮಗಳೊಡನೆ ಆರಂಭವಾಯಿತು. ಸರ್ ಜಾನ್ ಮಾಲ್ಕಮನು ಮುಂಬಯಿಯ ಗವರ್ನರನಾಗಿದ್ದಾಗ ಮಹಾಬಳೇಶ್ವರದ ಹವೆ ಅವನಿಗೆ ಮೆಚ್ಚುಗೆಯಾಗಿ, ೧೮೨೯ರಲ್ಲಿ ಸಾತಾರೆಯ ಮಹಾರಾಜ ಪ್ರತಾಪಸಿಂಹರಿಗೆ ಖಂಡಾಲೆ ಎಂಬ ಹಳ್ಳಿಯನ್ನು ಬಿಟ್ಟುಕೊಟ್ಟು ಆ ಬೆಟ್ಟದ ನೆಲವನ್ನು ಪಡೆಯಲಾಯಿತು. ಅಲ್ಲಿ ಎದ್ದ ಪೇಟೆಗೆ ಮಾಲ್ಕಮಪೇಟೆ ಎಂದೇ ಹೆಸರಾಯಿತು. ಬೇಸಗೆಯಲ್ಲಿ ಸರಕಾರವೇ ಗುಡ್ಡ ಹತ್ತುತ್ತಿತ್ತು. ಮಳೆಗಾಲದಲ್ಲಿ ಪುಣೆಗೆ ಇಳಿಯುತ್ತಿತ್ತು.

ಮಾಲ್ಕಮನು ಈ ಸ್ಥಳವನ್ನು ‘ಕಂಡುಹಿಡಿದನು’ ಎಂದು ಬರೆಯುವ ವಾಡಿಕೆ ಇದೆ. ಕೃಷ್ಣೆಯ ನೀರು ಕುಡಿದು ಬೆಳೆದ ಕನ್ನಡಿಗರಿಗೆ ಈ ಮಾತು ನಗೆ ತರಿಸೀತು. ಹಳೆಯ ಮಹಾಬಳೇಶ್ವರದ ಪಂಚಗಂಗೆಯ ಗುಡಿಯಲ್ಲಿ ಕಲ್ಲಿನ ಹಸುವಿನ ಬಾಯಿಂದ ಧುಮುಕುವ ನೀರೇ ಮುಂದೆ ಬೆಳಗಾವಿ, ಬಾಗಲಕೋಟೆ, ವಿಜಾಪುರ, ರಾಯಚೂರುಗಳ ಹೊಲಗಳಿಗೆ ಬರುವ ಹೊಳೆ. ಗವರ್ನರನ ಪಾಲಕಿ ಬರುವುದಕ್ಕೆ ಎಷ್ಟೋ ಮೊದಲೇ ಯಾತ್ರಿಕರು ಅಲ್ಲಿಗೆ ಬರುತ್ತಿದ್ದರು. ಗುರು ಕನ್ಯಾರಾಶಿಗೆ ಬಂದಾಗ, ಹನ್ನೆರಡು ವರುಷಕ್ಕೊಮ್ಮೆ, ಜಾತ್ರೆಯೇ ನೆರೆಯುತ್ತಿತ್ತು. ಅವರು ನಡೆದು ಬಂದು, ಮಿಂದು, ಗುಡಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ, ನಡೆದು ಹೋಗುತ್ತಿದ್ದರು. ಯಾತ್ರೆಯನ್ನು ಯಾರೂ ವಿಶ್ರಾಂತಿಯೆಂದು ಕರೆಯಲಿಲ್ಲ. ದೇಹಕ್ಕೆ ಅದು ಶ್ರಮವೇ ಸರಿ. ಆದರೆ ಮನೆ, ಹೊಲ, ಸಾಲ, ವ್ಯಾಜ್ಯಗಳೆಲ್ಲವನ್ನೂ ಹಿಂದೆ ಬಿಟ್ಟು ತಿಂಗಳುಗಟ್ಟಲೆ ನಡೆಯುವವನ ಮನಸ್ಸು, ಕುರ್ಚಿಯ ಮೇಲೆ ಒರಗಿ ಕಾಗದಪತ್ರ ನೋಡುತ್ತಿದ್ದ ಅಧಿಕಾರಿಯ ಮನಸ್ಸಿಗಿಂತ ಹೆಚ್ಚು ಹಗುರವಾಗಿದ್ದಿರಬೇಕು.

ಗಿರಿಧಾಮದ ಸುಖದ ಕೆಳಗೆ ಬೇರೆಯವರ ಬೆವರೂ ಇತ್ತು. ಮಹಾಬಳೇಶ್ವರದಲ್ಲಿ ೧೮೬೪ರವರೆಗೆ ಒಂದು ಸೆರೆಮನೆಯಿದ್ದು, ಚೀನಾ ಮತ್ತು ಮಲಯದ ಕಡೆಯ ಕೈದಿಗಳು ಅಲ್ಲಿದ್ದರು. ಅವರಿಂದಲೇ ತೋಟದ ಕೆಲಸ ನಡೆಯಿತು. ಬೆಟ್ಟದ ಆಲೂಗಡ್ಡೆಯ ಕೃಷಿ ಹಬ್ಬಿದುದೂ ಅವರ ಕೈಯಿಂದ. ಋತು ಮುಗಿದೊಡನೆ ಸಾಹೇಬರು ಗುಡ್ಡ ಇಳಿದರೆ ಇವರು ಆ ಊರಿನ ಜಡಿಮಳೆಯಲ್ಲಿ ಉಳಿಯುತ್ತಿದ್ದರು. ತಂಗುವವರ ವಿಶ್ರಾಂತಿಯನ್ನು ಮಾತ್ರ ಬರೆದು, ಅದನ್ನು ಕಟ್ಟಿಕೊಟ್ಟವರನ್ನು ಬಿಟ್ಟ ಇತಿಹಾಸ ಅರೆಯಾದುದು.

ಮಾಥೇರಾನಿನ ಕಥೆ ಇನ್ನೊಂದು ಬಗೆಯದು. ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟನು ೧೮೫೦ರಲ್ಲಿ ಈ ಗುಡ್ಡವನ್ನು ಏರಿದನು. ೧೮೫೬ರಲ್ಲಿ ಕಲ್ಯಾಣದಿಂದ ಖೋಪೋಲಿಗೆ ರೈಲು ಬಂದಾಗ ಬುಡದಲ್ಲಿರುವ ನೇರಳ ಮುಂಬಯಿಗೆ ಹತ್ತಿರವಾಯಿತು. ಅಲ್ಲಿಂದ ಮೇಲಕ್ಕೆ ಕುದುರೆ, ಪಾಲಕಿ, ಇಲ್ಲವೆ ಕಾಲ್ನಡಿಗೆ. ಸರ್ ಆದಮಜಿ ಪೀರಭಾಯಿಯವರ ಮನೆತನ ಹಣ ಹೂಡಿ, ಮಗ ಅಬ್ದುಲ್ ಹುಸೇನರ ಮುಂದಾಳುತನದಲ್ಲಿ ಎರಡಡಿ ಅಗಲದ ಪುಟ್ಟ ರೈಲುದಾರಿ ೧೯೦೭ರಲ್ಲಿ ತೆರೆಯಿತು. ಇಪ್ಪತ್ತು ಕಿಲೋಮೀಟರಿನಷ್ಟು ದೂರವನ್ನು ಎರಡು ತಾಸಿಗೂ ಮೀರಿ ತೆಗೆದುಕೊಳ್ಳುವ ಈ ರೈಲು ಪ್ರಯಾಣಿಕನ ಆತುರವನ್ನು ದಾರಿಯಲ್ಲಿಯೇ ಇಳಿಸಿಬಿಡುತ್ತದೆ. ೨೦೦೫ರ ಮಹಾಮಳೆಯಲ್ಲಿ ದಾರಿ ಕೊಚ್ಚಿಹೋಗಿ, ಮತ್ತೆ ಕಟ್ಟಬೇಕಾಯಿತು. ಊರೊಳಗೆ ಮೋಟಾರು ಗಾಡಿಗಳಿಗೆ ಎಡೆಯಿಲ್ಲ. ೨೦೦೩ರಲ್ಲಿ ಕೇಂದ್ರ ಸರಕಾರ ಆ ಬೆಟ್ಟವನ್ನು ಸೂಕ್ಷ್ಮ ಪರಿಸರ ವಲಯವೆಂದು ಸಾರಿತು. ಮುಂಬಯಿಯ ಸದ್ದಿನಿಂದ ಹೋದವನಿಗೆ ಅಲ್ಲಿಯ ಕೆಂಪು ಮಣ್ಣಿನ ಹಾದಿಯಲ್ಲಿ ದೊರೆಯುವುದು ನೋಟಕ್ಕಿಂತ ಹೆಚ್ಚಾಗಿ ಒಂದು ಇಲ್ಲದಿರುವಿಕೆ. ಏನನ್ನು ಕೂಡಿಸಿದರೆ ಸುಖ ಹೆಚ್ಚುವುದೆಂದು ಯೋಚಿಸುವ ಊರುಗಳ ನಡುವೆ, ಏನನ್ನು ಕಳೆದರೆ ಹೆಚ್ಚುವುದೆಂದು ಯೋಚಿಸಿದ ಊರು ಇದೊಂದೇ ಎಂದರೂ ತಪ್ಪಾಗದು. ಪಾರಸಿ, ಗುಜರಾತಿ ಸಮಾಜಗಳವರು ತಮ್ಮ ನಡುತರಗತಿಯ ಜನಕ್ಕಾಗಿ ದೇವಳಾಲಿ ಮೊದಲಾದ ಕಡೆಗಳಲ್ಲಿ ಆರೋಗ್ಯಧಾಮಗಳನ್ನು ಕಟ್ಟಿಸಿದರು. ಅಲ್ಲಿ ಕಡಿಮೆ ಬಾಡಿಗೆಗೆ ಕೋಣೆ ಹಿಡಿದು, ತಾವೇ ಅಡಿಗೆ ಮಾಡಿಕೊಂಡು, ವಾರಗಟ್ಟಲೆ ಇರುವ ಅನುಕೂಲವಿತ್ತು.

ಬಡವನ ವಾರ್ಷಿಕ ವಿಶ್ರಾಂತಿಗೆ ಗಿರಿಧಾಮವಿರಲಿಲ್ಲ, ಊರಿತ್ತು. ಗಿರಣಿಯ ಕೂಲಿಗಾರನು ಹೋಳಿಗೋ ಗಣಪತಿಗೋ ನಾಟಿಗೋ ಕೊಯ್ಲಿಗೋ ಕೊಂಕಣಕ್ಕೆ ಹೋಗುತ್ತಿದ್ದನು. ಹೋಗುವುದಕ್ಕೆ ಯಾರ ಅಪ್ಪಣೆಯೂ ಇರುತ್ತಿರಲಿಲ್ಲ, ಪಗಾರವೂ ಇರುತ್ತಿರಲಿಲ್ಲ. ಮರಳಿ ಬಂದಾಗ ಅವನ ಸಾಂಚೆಯ ಮುಂದೆ ಬದಲಿಯವನು ನಿಂತಿರುತ್ತಿದ್ದನು. ಕೆಲಸ ಮತ್ತೆ ಸಿಗಬೇಕಾದರೆ ಮುಕದ್ದಮನ ಕೈ ಬೆಚ್ಚಗಾಗಬೇಕಿತ್ತು. ಊರಿನಲ್ಲಿ ಕಳೆದ ಕೊನೆಯ ದಿನಗಳಿಗೆ ಈ ಚಿಂತೆಯೇ ವಿಷವಾಗುತ್ತಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಕೂಲಿಗಾರರು ಹೇಳದೆ ಕೇಳದೆ ಊರಿಗೆ ಓಡುತ್ತಾರೆಂಬ ಮಾಲಿಕರ ದೂರನ್ನು ಕೇಳಿದ ೧೯೨೯–೩೧ರ ರಾಯಲ್ ಲೇಬರ್ ಕಮಿಶನ್ ಬೇರೆಯೇ ಅಭಿಪ್ರಾಯ ಕೊಟ್ಟಿತು: ಹಳ್ಳಿಯ ನಂಟು ಒಂದು ದೊಡ್ಡ ಆಸ್ತಿ, ಅದನ್ನು ಕಡಿಯಬಾರದು, ಕ್ರಮಪಡಿಸಬೇಕು. ಅಂದರೆ ಹೋಗುವವನಿಗೆ ಮರಳಿ ಬಂದಾಗ ಕೆಲಸವಿರುವ ಭರವಸೆ ಬೇಕು. ವಿಶ್ರಾಂತಿಯ ವಿಚಾರದಲ್ಲಿ ಸರಕಾರದ ಆಯೋಗವೊಂದು ಆಡಿದ ಅತ್ಯಂತ ವಿವೇಕದ ಮಾತು ಇದು.

೧೯೩೬ರಲ್ಲಿ ಅಂತರರಾಷ್ಟ್ರೀಯ ಶ್ರಮಿಕ ಸಂಸ್ಥೆ ಸಂಬಳಸಹಿತ ವಾರ್ಷಿಕ ರಜೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದೇ ವರುಷ ಫ್ರಾನ್ಸಿನ ಕೂಲಿಗಾರರು ಮುಷ್ಕರ ಹೂಡಿ ಎರಡು ವಾರದ ರಜೆಯನ್ನು ಗಳಿಸಿದರು. ಭಾರತದ ಕಾರಖಾನೆ ಕಾಯಿದೆಗೆ ೧೯೪೫ರಲ್ಲಿ ತಿದ್ದುಪಡಿಯಾಗಿ, ಒಂದು ವರುಷ ದುಡಿದವನಿಗೆ ಹತ್ತು ದಿನದ ಸಂಬಳದ ರಜೆ ಬಂದಿತು. ೧೯೪೮ರ ಕಾಯಿದೆ ದುಡಿದ ಇಪ್ಪತ್ತು ದಿನಕ್ಕೆ ಒಂದು ದಿನ ಎಂಬ ಲೆಕ್ಕವನ್ನು ತಂದಿತು. ಕೇಂದ್ರ ಸರಕಾರದ ನೌಕರರಿಗೆ ೧೯೫೬ರಲ್ಲಿ ಪ್ರಯಾಣದ ರಿಯಾಯಿತಿ ದೊರೆಯಿತು. ಆರಂಭದಲ್ಲಿ ಅದು ಸ್ವಂತ ಊರಿಗೆ ಹೋಗಿಬರುವುದಕ್ಕೆ ಮಾತ್ರ. ದೇಶದಲ್ಲಿ ಎಲ್ಲಿಗಾದರೂ ಎಂಬ ಅನುಕೂಲ ಮುಂದೆ ಸೇರಿದ್ದು. ರಜೆಯೆಂದರೆ ಊರು ಎಂಬ ಜನಸಾಮಾನ್ಯರ ಸಮೀಕರಣವನ್ನು ಸರಕಾರವೂ ಹೀಗೆ ಬರೆದುಕೊಂಡಿತು.

ಗಿರಣಿಯ ಚರಿತ್ರೆಯಲ್ಲಿ ಕನ್ನಡಿಗರ ಪಾಲು ಸಣ್ಣದು. ಅವರ ಮುಂಬಯಿ ಹೋಟೆಲಿನದು, ಕಚೇರಿಯದು, ಬ್ಯಾಂಕಿನದು. ದಕ್ಷಿಣ ಕನ್ನಡದಿಂದ ಹನ್ನೆರಡು ಹದಿಮೂರರ ವಯಸ್ಸಿಗೆ ಬಂದು ಹೋಟೆಲು ಸೇರಿದ ಹುಡುಗನ ದಿನಚರಿಯಲ್ಲಿ ವಿಶ್ರಾಂತಿಯ ಪ್ರಶ್ನೆ ಗಿರಣಿಯದಕ್ಕಿಂತಲೂ ತೀಕ್ಷ್ಣವಾಗಿತ್ತು. ಗಿರಣಿಯವನು ಸಂಜೆಯಾದರೂ ಚಾಳಿಗೆ ಮರಳುತ್ತಿದ್ದನು. ಹೋಟೆಲಿನ ಹುಡುಗನಿಗೆ ಕೆಲಸದ ಜಾಗವೇ ಮಲಗುವ ಜಾಗ. ರಾತ್ರಿ ಬಾಗಿಲೆಳೆದ ಮೇಲೆ ಮೇಜುಗಳನ್ನು ಒರಸಿ, ಅವುಗಳ ಮೇಲೆಯೋ ನಡುವಿನ ನೆಲದಲ್ಲಿಯೋ ಹಾಸಿಗೆ ಬಿಚ್ಚಬೇಕು. ನಸುಕಿನಲ್ಲಿ ಹಾಲಿನವನು ಬರುವ ಮೊದಲು ಅದನ್ನು ಸುತ್ತಿಡಬೇಕು. ಬಿಡಬೇಕೆಂದರೆ ಬಿಟ್ಟುಹೋಗುವುದಕ್ಕೆ ಬೇರೊಂದು ಸ್ಥಳವೇ ಇರಲಿಲ್ಲ. ೧೯೩೯ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ, ೧೯೪೨ರ ವಾರದ ರಜೆಗಳ ಕಾಯಿದೆ, ಮತ್ತೆ ೧೯೪೮ರ ಹೊಸ ಕಾಯಿದೆ: ಇವು ಕಾಗದದ ಮೇಲೆ ಅವನಿಗೂ ವಾರಕ್ಕೊಂದು ದಿನವನ್ನು ಕೊಟ್ಟವು. ಬಾಗಿಲು ಮುಚ್ಚದ ಹೋಟೆಲಿನಲ್ಲಿ ಒಬ್ಬೊಬ್ಬನಿಗೆ ಒಂದೊಂದು ವಾರ ರಜೆ; ಜತೆಯವರೆಲ್ಲ ದುಡಿಯುತ್ತಿರುವಾಗ ಒಬ್ಬನೇ ಬೀದಿ ಸುತ್ತುವ ಬಿಡುವು ಅದು. ಊರಿಗೆ ಊರೇ ನೊಗ ಇಳಿಸುತ್ತಿದ್ದ ಸೋಮವಾರಕ್ಕೂ ಇದಕ್ಕೂ ಎಷ್ಟು ಅಂತರ!

ಆದರೂ ಈ ಹುಡುಗರು ತಮ್ಮ ಬಿಡುವನ್ನು ತಾವೇ ಕಂಡುಕೊಂಡರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಅವರಿಂದ ತುಂಬಿದವು. ದಿನವಿಡೀ ದುಡಿದು ರಾತ್ರಿ ಓದುವುದು ದೇಹಕ್ಕೆ ವಿಶ್ರಾಂತಿಯಲ್ಲ. ನಿದ್ದೆಯನ್ನು ಕಡಿದು ತೆತ್ತ ಬೆಲೆ ಅದು. ಹಾಗೆ ಓದಿದವರನ್ನು ಹೊಗಳುವ ಭರದಲ್ಲಿ, ಬೆಂಚಿನ ಮೇಲೆ ತೂಕಡಿಸಿ ಓದು ಬಿಟ್ಟವರನ್ನು ಸಮಾಜ ಮರೆತಿದೆ ಎಂಬುದನ್ನೂ ಹೇಳಬೇಕು. ಆದರೆ ಹಗಲೆಲ್ಲ ‘ಏ ಹುಡುಗಾ’ ಎನಿಸಿಕೊಂಡವನನ್ನು ಅಲ್ಲಿ ಒಬ್ಬ ಮಾಸ್ತರರು ಹೆಸರು ಹಿಡಿದು ಕರೆಯುತ್ತಿದ್ದರು. ಯಕ್ಷಗಾನದ ಚೌಕಿ, ಭಜನಾ ಮಂಡಳಿ, ಸಂಘದ ನಾಟಕದ ತಾಲೀಮು ಇವೂ ಅಂಥವೇ. ಹೋಟೆಲಿನ ಹುಡುಗನು ಅಲ್ಲಿ ಎರಡು ತಾಸು ಬಬ್ರುವಾಹನನಾಗುತ್ತಿದ್ದನು.

ಇತ್ತೀಚಿನ ಮನಶ್ಶಾಸ್ತ್ರದ ಸಂಶೋಧನೆಗಳು ಈ ಹಳೆಯ ಸಂಗತಿಗಳಿಗೆ ಹೊಸ ಬೆಳಕು ಕೊಡುತ್ತವೆ. ೨೦೦೭ರಲ್ಲಿ ಸಬೀನ ಸೊನೆಂಟಾಗ್ ಮತ್ತು ಶಾರ್ಲಟ್ ಫ್ರಿಟ್ಸ್ ಎಂಬವರು ದುಡಿದವನು ಚೇತರಿಸಿಕೊಳ್ಳುವ ಬಗೆಯನ್ನು ನಾಲ್ಕಾಗಿ ವಿಂಗಡಿಸಿದರು: ಮನಸ್ಸು ಕೆಲಸದಿಂದ ಕಳಚಿಕೊಳ್ಳುವುದು, ಮೈಮನಗಳು ಸಡಿಲಾಗುವುದು, ಹೊಸದೊಂದನ್ನು ಕಲಿತು ಕೈವಶ ಮಾಡಿಕೊಳ್ಳುವುದು, ತನ್ನ ಹೊತ್ತಿನ ಮೇಲೆ ತನಗೇ ಒಡೆತನವಿರುವುದು. ರಾತ್ರಿಶಾಲೆಯ ಹುಡುಗನಿಗೆ ಎರಡನೆಯದು ಇರಲಿಲ್ಲ, ಮೂರನೆಯದು ಇತ್ತು. ಮುಕದ್ದಮನಿಗೆ ಅಂಜಿ ಊರಿನಲ್ಲಿ ದಿನ ಎಣಿಸುತ್ತಿದ್ದವನಿಗೆ ಎರಡನೆಯದು ಇದ್ದರೂ ಮೊದಲನೆಯದು ಇರಲಿಲ್ಲ. ಕೈಯಲ್ಲಿ ಫೋನು ಹಿಡಿದು ಮಾಥೇರಾನಿನ ಕಟ್ಟೆಯ ಮೇಲೆ ಕುಳಿತು ಕಚೇರಿಯ ಪತ್ರಗಳಿಗೆ ಉತ್ತರ ಬರೆಯುವ ಇಂದಿನವನ ಸ್ಥಿತಿಯೂ ಅವನದರಂತೆಯೇ. ಮುಕದ್ದಮನನ್ನು ಅವನು ಜೇಬಿನಲ್ಲಿಯೇ ತಂದಿರುತ್ತಾನೆ.

ನೆದರ್ಲೆಂಡಿನ ಶೋಧಕರ ಕಾಣ್ಕೆಗಳು ಇನ್ನಷ್ಟು ಕುತೂಹಲದವು. ೨೦೦೯ರಲ್ಲಿ ಯೆಸಿಕಾ ದ ಬ್ಲೂಮ್ ಮತ್ತು ಸಂಗಡಿಗರು ಅಂದಿನವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ರಜೆಯಿಂದಾಗುವ ಹಿತ ಇದ್ದರೂ ಅದು ಅಲ್ಪವೆಂದೂ, ಕೆಲಸಕ್ಕೆ ಮರಳಿದ ಎರಡರಿಂದ ನಾಲ್ಕು ವಾರಗಳಲ್ಲಿ ಕರಗುವುದೆಂದೂ ಕಂಡರು. ೨೦೧೦ರಲ್ಲಿ ಯೆರೂನ್ ನಾವೈನ್ ಮತ್ತು ಸಂಗಡಿಗರು ೧,೫೩೦ ಮಂದಿಯನ್ನು ವಿಚಾರಿಸಿದಾಗ, ಪ್ರವಾಸ ಹೋಗಲಿರುವವರು ಹೋಗದವರಿಗಿಂತ ಹೆಚ್ಚು ಸಂತೋಷದಲ್ಲಿದ್ದರು. ಮರಳಿ ಬಂದವರಲ್ಲಿ ಬಹುಮಟ್ಟಿಗೆ ಆ ಹೆಚ್ಚಳ ಉಳಿದಿರಲಿಲ್ಲ. ಪ್ರವಾಸ ಅತ್ಯಂತ ನೆಮ್ಮದಿಯದಾಗಿತ್ತೆಂದು ಹೇಳಿದವರಲ್ಲಿ ಮಾತ್ರ ಸ್ವಲ್ಪ ಉಳಿದಿತ್ತು. ೨೦೧೩ರ ಇನ್ನೊಂದು ಅಧ್ಯಯನ, ದೀರ್ಘ ರಜೆಯಲ್ಲಿ ಹಿತದ ಏರಿಕೆ ಸುಮಾರು ಎಂಟನೆಯ ದಿನಕ್ಕೆ ತುದಿ ಮುಟ್ಟುವುದೆಂದು ತಿಳಿಸಿತು. ಇವು ಡಚ್ಚರ ಮಾತು. ಮುಂಬಯಿಗೆ ಹಾಗೆಯೇ ಹೊಂದುವುದೆಂದು ಹೇಳಲಾಗದು. ಆದರೆ ಕಾಯುವ ದಿನಗಳಲ್ಲಿಯೇ ಸುಖದ ಹೆಚ್ಚಿನ ಪಾಲು ಇರುವುದಾದರೆ, ವರುಷಕ್ಕೊಮ್ಮೆ ದೊಡ್ಡದಾಗಿ ಹೋಗಿ ಹನ್ನೊಂದು ತಿಂಗಳು ಬರಿದಾಗಿ ಇರುವುದಕ್ಕಿಂತ ಅಮಾವಾಸ್ಯೆ ಹುಣ್ಣಿಮೆಗಳನ್ನು ಹತ್ತಿರ ಹತ್ತಿರ ನೆಟ್ಟುಕೊಂಡಿದ್ದ ಹಳೆಯ ಪಂಚಾಂಗ ಮಂಕುತನದ್ದಲ್ಲವೆಂದು ತೋರುತ್ತದೆ.

ಕಾಯುವ ಸುಖವನ್ನು ಕರಾವಳಿಯ ಕನ್ನಡಿಗರಷ್ಟು ಬಲ್ಲವರು ಮುಂಬಯಿಯಲ್ಲಿ ವಿರಳ. ಹಡಗಿನ ಕಾಲದಲ್ಲಿ ಮಳೆಗಾಲವೆಂದರೆ ಕಡಲ ದಾರಿ ಮುಚ್ಚಿದಂತೆ. ಕಡಲು ಶಾಂತವಾದ ಮೇಲೆಯೇ ರತ್ನಾಗಿರಿ, ಕಾರವಾರಗಳನ್ನು ಹಾದು ಊರಿಗೆ ಹೋಗುವ ಮಾತು. ಮಂಗಳೂರಿಗೆ ರೈಲು ೧೯೦೭ರಲ್ಲಿ ಬಂದರೂ ಅದು ಮದರಾಸಿನ ಕಡೆಯಿಂದ ಬಂದದ್ದು. ಮುಂಬಯಿಯವನಿಗೆ ಅದು ಊರನ್ನು ಬೆನ್ನಿಗೆ ಹಾಕಿ ಊರು ಸೇರುವ ದಾರಿ. ಬಳಿಕ ಬಸ್ಸುಗಳು ಬಂದವು. ೧೯೯೮ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದಾಗ ಸಹ್ಯಾದ್ರಿಯ ಸುರಂಗಗಳನ್ನು ನುಸುಳಿ ಒಂದು ರಾತ್ರಿಯ ಪ್ರಯಾಣದಲ್ಲಿ ಊರು ಕೈಗೆಟಕಿತು.

ದಾರಿ ಕಿರಿದಾದಷ್ಟೂ ರಜೆಯೂ ಕಿರಿದಾಯಿತು. ಹಡಗಿನಲ್ಲಿ ಹೋದವನು ಎರಡು ತಿಂಗಳಿದ್ದು ಬರುತ್ತಿದ್ದನು. ಅಷ್ಟು ಕಷ್ಟಪಟ್ಟು ಹೋದವನು ನಾಲ್ಕು ದಿನಕ್ಕೆ ಮರಳಿದರೆ ಮನೆಯವರು ಒಪ್ಪುತ್ತಿರಲಿಲ್ಲ. ರೈಲಿನಲ್ಲಿ ಹೋದವನು ಮದುವೆಯೊಂದನ್ನು, ನೇಮವೊಂದನ್ನು, ಜಮೀನಿನ ಕಾಗದವೊಂದನ್ನು ಮುಗಿಸಿ ಐದನೆಯ ದಿನ ಗಾಡಿ ಹತ್ತುತ್ತಾನೆ. ಎಂಟನೆಯ ದಿನ ಅವನ ಪಾಲಿಗೆ ಬರುವುದೇ ಇಲ್ಲ. ಆದರೂ ಮೇ ತಿಂಗಳ ಗಾಡಿಗಳಿಗೆ ಚೀಟಿ ಸಿಗುವುದು ಕಷ್ಟ. ಪತ್ತನಾಜೆ ಬರುವುದರೊಳಗೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಮೊದಲು, ದೈವಗಳ ಕೋಲ ಮುಗಿಯುವ ಮೊದಲು ಊರು ಸೇರಬೇಕೆಂದು ತಿಂಗಳುಗಳ ಹಿಂದೆಯೇ ಚೀಟಿ ತೆಗೆದಿಡುವ ಮನೆಗಳಲ್ಲಿ, ಆ ಚೀಟಿ ಬಂದ ದಿನದಿಂದಲೇ ಮಾವಿನ ಹಣ್ಣಿನ ಮಾತು ಆರಂಭವಾಗುತ್ತದೆ.